ಇಲ್ಲ್ ಎಂದರೆ ಇಲ್ಲವೆಂದಲ್ಲ

ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ತುಳು ಮಾತಾಡಿದವರಿಗೆ ಹತ್ತು ಪೈಸೆ ದಂಡವಿತ್ತು. ಹೆಸರು ಬರೆದುಕೊಳ್ಳಲು ಒಬ್ಬ ಲೀಡರ್. ಅವನೂ ಮನೆಯಲ್ಲಿ ತುಳುವೇ ಮಾತಾಡುವವನು. ಗೇಟು ದಾಟಿದ ಕೂಡಲೇ ನಾವೆಲ್ಲ, ಅವನೂ ಸೇರಿ, ಕಟ್ಟಿಹಾಕಿದ್ದ ಕರುಗಳನ್ನು ಬಿಟ್ಟ ಹಾಗೆ ತುಳುವಿಗೆ ಬೀಳುತ್ತಿದ್ದೆವು. ಅದು ತಪ್ಪು ಎಂದು ಆಗ ನನಗೆ ತೋರಿರಲಿಲ್ಲ. ಆದ್ದರಿಂದಲೇ ಬಿ.ಎಡ್. ಮುಗಿಸಿ ನಾನೇ ಟೀಚರಾದಾಗ ದಂಡವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಗೆಯೇ ಮುಂದುವರಿಸಿದೆ.

1996ನೆಯ ಇಸವಿ. ಉಡುಪಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಕಡಲಿಗೆ ಹತ್ತಿರದ ಶಾಲೆ, ಒಂದನೆಯ ತರಗತಿ. ಮನೆಯ ಚಿತ್ರ ತೋರಿಸಿ "ಇದೇನು?" ಎಂದು ಕೇಳಿದೆ. ಮೊಗವೀರರ ಹುಡುಗನೊಬ್ಬ ಎದ್ದು ನಿಂತು ಗಟ್ಟಿಯಾಗಿ "ಇಲ್ಲ್" ಎಂದ. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಘಟ್ಟದ ಮೇಲಿನಿಂದ ಬಂದ ಟೀಚರಾಗಿದ್ದರೆ ತಿಳಿಯಲಿಲ್ಲವೆಂದು ಕ್ಷಮಿಸಬಹುದಿತ್ತು. ನಾನು ಎರ್ಮಾಳಿನವಳು. ನನಗೆ ತಿಳಿದಿತ್ತು. ಆದರೂ "ಏನು ಇಲ್ಲ? ಕಣ್ಣು ಕಾಣಿಸುವುದಿಲ್ಲವೋ?" ಎಂದೆ. ತರಗತಿಯಿಡೀ ನಕ್ಕಿತು. ಆ ವರ್ಷ ಅವನು ಮತ್ತೆ ತಾನಾಗಿ ಬಾಯಿ ತೆರೆಯಲಿಲ್ಲ. ವರ್ಷದ ಕೊನೆಗೆ ನಾನು ಅವನ ಹೆಸರಿನ ಮುಂದೆ "ಭಾಷೆಯಲ್ಲಿ ತೀರಾ ಹಿಂದೆ" ಎಂದು ಬರೆದೆ.

ಮುಂದೊಂದು ದಿನ ಎರ್ಮಾಳಿನ ಕಡಲ ಬದಿಯಲ್ಲಿ ಕೈರಂಪಣಿ ಎಳೆಯುತ್ತಿದ್ದರು. ಅದೇ ಹುಡುಗ ಪರವೂರಿನ ನೆಂಟರ ಮಗುವೊಂದಕ್ಕೆ ಬಲೆಯ ವಿಷಯ ಹೇಳುತ್ತಿದ್ದ. ಬೂತಾಯಿ, ಬಂಗುಡೆ, ನಂಗ್, ಕೊಡ್ಡಾಯಿ, ಬೊಳೆಂಜಿರ್. ಯಾವುದು ಯಾವ ಗಾಳಿಗೆ ದಡಕ್ಕೆ ಬರುತ್ತದೆ, ಹಗ್ಗ ಯಾವಾಗ ಸಡಿಲ ಬಿಡಬೇಕು. ಮೊದಲು, ಆಮೇಲೆ, ಯಾಕೆಂದರೆ ಎಂದು ಒಂದಕ್ಕೊಂದು ಜೋಡಿಸಿ ಹೇಳುತ್ತಿದ್ದ. ಭಾಷೆಯಲ್ಲಿ ತೀರಾ ಹಿಂದೆ! ಹಿಂದೆ ಇದ್ದವಳು ನಾನು.

ಓದುವುದೆಂದರೆ ಏನು? ಕಿವಿಗೆ ಮೊದಲೇ ಪರಿಚಯವಿರುವ ಮಾತನ್ನು ಕಣ್ಣು ಗುರುತಿಸುವುದು. ನಮ್ಮ ಒಂದನೆಯ ತರಗತಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಎಂದು ಆರಂಭಿಸುವುದನ್ನು ನೀವು ನೋಡಿರಬಹುದು. ಬರೆಯಲು ಸುಲಭ, ಕೂಡಲೇ ಪದವೂ ಆಗುತ್ತದೆ: ಸರ, ಗರಗಸ, ಅರಸ, ಅಗಸ. ಒಳ್ಳೆಯ ಉಪಾಯ. ತುಳುವಿನ ಮಗುವಿಗೆ 'ಸರ' ಸಿಕ್ಕುತ್ತದೆ, ಅಮ್ಮನ ಕುತ್ತಿಗೆಯಲ್ಲಿದೆ. 'ಅಗಸ'ನನ್ನೂ ಅದು ಓದಿಬಿಡುತ್ತದೆ. ಆದರೆ ಅದರ ಮನೆಯಲ್ಲಿ ಅವನು ಮಡ್ಯೆಲೆ. ಹೀಗೆ ಅರ್ಥವಿಲ್ಲದೆ ಓದುವ ಅಭ್ಯಾಸ ಒಂದನೆಯಲ್ಲೇ ಹಿಡಿಯುತ್ತದೆ. ಐದನೆಯಲ್ಲಿ ನಾವೇ "ಓದುತ್ತದೆ ಮಾರಾಯ್ರೆ, ಏನೂ ತಿಳಿಯುವುದಿಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಹಲುಬುತ್ತೇವೆ.

ಇದು ನಾನೊಬ್ಬಳೇ ಕಂಡುಹಿಡಿದ ಸಂಗತಿಯಲ್ಲ. ಮಗುವಿನ ಕಲಿಕೆ ತಾಯ್ನುಡಿಯಲ್ಲಿ ಆರಂಭವಾಗಬೇಕೆಂದು ಯುನೆಸ್ಕೊ 1953ರಲ್ಲೇ ಹೇಳಿತು. ಒಡಿಶಾದವರು 2006ರ ಸುಮಾರಿಗೆ ಸವರ, ಕುಯಿ, ಸಂತಾಲಿ ಮುಂತಾದ ಬುಡಕಟ್ಟು ಭಾಷೆಗಳಲ್ಲಿ ಒಂದನೆಯ ತರಗತಿಯ ಪಾಠ ಆರಂಭಿಸಿದರು. ನಮ್ಮಲ್ಲಿ? 2011ರ ಜನಗಣತಿಯಂತೆ ತುಳುವರು 18 ಲಕ್ಷಕ್ಕೂ ಹೆಚ್ಚು. ತುಳು ಶಾಲೆಯೊಳಗೆ ಬಂದದ್ದು 2010ರ ನಂತರ, ಅದೂ ಆರನೆಯ ತರಗತಿಯಲ್ಲಿ, ಐಚ್ಛಿಕ ತೃತೀಯ ಭಾಷೆಯಾಗಿ. ಮಗುವಿಗೆ ಅದರ ಆಸರೆ ಬೇಕಾದದ್ದು ಒಂದನೆಯಲ್ಲಿ. ಹೊಳೆ ದಾಟಿದ ಮೇಲೆ ದೋಣಿ ತಂದು ನಿಲ್ಲಿಸಿದ ಹಾಗಾಯಿತು.

"ತುಳುವಿಗೆ ಪುಸ್ತಕ ಎಲ್ಲಿದೆ, ಲಿಪಿ ಎಲ್ಲಿದೆ?" ಎನ್ನುವವರಿದ್ದಾರೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ತುಳು ನಿಘಂಟಿನ ಆರು ಸಂಪುಟ ತಂದಿತು. ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲೇ ಮಂಗಳೂರಿನಲ್ಲಿ ಕನ್ನಡ ಅಕ್ಷರದಲ್ಲಿ ತುಳು ಅಚ್ಚು ಹಾಕಿದ್ದರು. ಒಂದನೆಯ ತರಗತಿಗೆ ಅಷ್ಟು ಬೇಡ. ಸೀಮೆಸುಣ್ಣ ಸಾಕು. ಮಗು ಹೇಳಿದ ತುಳು ಮಾತನ್ನು ಕನ್ನಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಕನ್ನಡದ್ದನ್ನು ಬರೆಯುವುದು. ಓಡ, ದೋಣಿ. ಪುಚ್ಚೆ, ಬೆಕ್ಕು. ಪೆತ್ತ, ದನ. ಎರಡು ಭಾಷೆಗಳೂ ಅಕ್ಕತಂಗಿಯರು; ಒಂದರ ಸೆರಗು ಹಿಡಿದರೆ ಇನ್ನೊಂದರ ಮನೆಗೆ ನಡೆದುಕೊಂಡೇ ಹೋಗಬಹುದು. ನಾನು ಹೀಗೆ ಮಾಡತೊಡಗಿದ ಮೇಲೆ ದೀಪಾವಳಿ ಹೊತ್ತಿಗೆ ಮಕ್ಕಳು ತಾವಾಗಿ ಕನ್ನಡದಲ್ಲಿ ಚಾಡಿ ಹೇಳಲು ಬರುತ್ತಿದ್ದರು. ಚಾಡಿ ಹೇಳುವಷ್ಟು ಬಂದರೆ ಭಾಷೆ ಬಂತೆಂದೇ ಲೆಕ್ಕ.

ಇದರಿಂದ ಕನ್ನಡಕ್ಕೆ ಪೆಟ್ಟು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನನ್ನೊಡನೆ ಜಗಳವಾಡಿದ್ದಾರೆ. ಅವರು ಕನ್ನಡದ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಆದರೆ ನಗೆಪಾಟಲಾಗಿ ಕಲಿತ ಭಾಷೆಯ ಮೇಲೆ ಯಾವ ಮಗುವಿಗೆ ಪ್ರೀತಿ ಬಂದೀತು? ರಸ್ತೆ ಕೆಲಸಕ್ಕೆ ಬಂದ ಕೊಪ್ಪಳದವರ ಹುಡುಗಿ "ಹೌದ್ರೀ" ಎಂದರೆ ನಮ್ಮ ಮಕ್ಕಳು ನಗುತ್ತವೆ. ಅವಳದು ಕನ್ನಡವೇ! ಕೊಂಕಣಿ, ಬ್ಯಾರಿ ಮನೆಯ ಮಕ್ಕಳೂ ಇದ್ದಾರೆ. ಎಲ್ಲ ಭಾಷೆ ಟೀಚರಿಗೆ ಬರುವುದು ಸಾಧ್ಯವಿಲ್ಲ, ಒಪ್ಪುತ್ತೇನೆ. "ನಿಮ್ಮಲ್ಲಿ ಇದಕ್ಕೇನು ಹೇಳುತ್ತೀರಿ?" ಎಂದು ಕೇಳಲು ಯಾವ ಭಾಷೆಯೂ ಬರಬೇಕಾಗಿಲ್ಲ.

ಇನ್ನು, ಪೇಟೆಯ ನನ್ನ ಅಕ್ಕತಂಗಿಯರೇ, ನಿಮ್ಮೊಡನೆಯೂ ನನಗೆ ಜಗಳವಿದೆ. "ಪುಟ್ಟಾ, ಹ್ಯಾಂಡ್ ವಾಷ್ ಮಾಡು, ರೈಸ್ ಈಟ್ ಮಾಡು" ಎಂದು ಮಕ್ಕಳೊಡನೆ ಮಾತಾಡುವವರು ನೀವು. ಸಿಟ್ಟು ಬಂದಾಗ ಮಾತ್ರ ಪೂರ್ತಿ ವಾಕ್ಯ, ಅಪ್ಪಟ ತುಳುವಿನಲ್ಲಿ! ಪೂರ್ತಿ ಮಾತು ಬೈಗುಳದಲ್ಲಷ್ಟೇ ಕಿವಿಗೆ ಬಿದ್ದ ಮಗು ಏನನ್ನು ಕಲಿಯಬೇಕು? ಅಜ್ಜಿಯ ಕಥೆಗೆ ಟಿ.ವಿ. ಹಾಕಿ ಬಾಯಿ ಮುಚ್ಚಿಸಿದವರೂ ನೀವೇ. ನಿಮ್ಮನ್ನು ನೋಡಿ ಕಡಲ ಬದಿಯವರೂ ಹಾಗೆಯೇ ಆದರೆ ಮುಂದಿದ್ದಾರೆಂದುಕೊಳ್ಳುತ್ತಾರೆ.

ಸರ್ಕಾರವೂ ನಿಮ್ಮ ಹಿಂದೆಯೇ ಹೊರಟಿತು. ತಾಯ್ನುಡಿ ಯಾವುದೆಂದು ಹೇಳುವ ಹಕ್ಕು ತಂದೆತಾಯಿಗಳದ್ದು, ಮಾಧ್ಯಮವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2019ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಒಂದನೆಯಿಂದಲೇ ಆಂಗ್ಲ ಮಾಧ್ಯಮ ಬಂತು. ಶಾಲೆ ಮುಚ್ಚುವುದಕ್ಕಿಂತ ಇದು ವಾಸಿ ಎನ್ನುವವರ ಕಷ್ಟ ನನಗೆ ಗೊತ್ತು. ಮಕ್ಕಳಿಗಾಗಿ ಮನೆಮನೆ ತಿರುಗಿದವಳು ನಾನು. ಇಂಗ್ಲಿಷ್ ಕಲಿಸಿ, ಚೆನ್ನಾಗಿ ಕಲಿಸಿ. ಆದರೆ ಒಂದು ಮೆಟ್ಟಿಲನ್ನೇ ಹತ್ತಲು ಬಿಡದ ಮಗುವಿಗೆ ಎರಡು ಮೆಟ್ಟಿಲು ಹಾರು ಎನ್ನುವುದು ಯಾವ ನ್ಯಾಯ?

ಆ ಹುಡುಗ ಏಳನೆಯದಕ್ಕೆ ಶಾಲೆ ಬಿಟ್ಟು ಬೋಟಿಗೆ ಹೋದ. ಕೆಲವು ವರ್ಷದ ಹಿಂದೆ ಮಗಳನ್ನು ಸೇರಿಸಲು ನಾನೀಗ ಇರುವ ಶಾಲೆಗೆ ಬಂದ. ಇಂಗ್ಲಿಷ್ ಮೀಡಿಯಮ್ಮೇ ಆಗಬೇಕೆಂದ. ನಾನು ಏನೋ ಹೇಳಲು ಹೋದೆ. "ಎನ್ನ ಲೆಕ ಆವರೆ ಬಲ್ಲಿ, ಟೀಚರ್" ಎಂದ. ನನ್ನ ಹಾಗೆ ಆಗಬಾರದು ಎಂದು. ಯಾರಿಂದ ಹಾಗಾಯಿತೆಂದು ಅವನು ಹೇಳಲಿಲ್ಲ, ನನಗೂ ಹೇಳುವ ಧೈರ್ಯ ಬರಲಿಲ್ಲ. ಹೆಸರು ಬರೆದುಕೊಂಡೆ.

ಜೂನಿನಲ್ಲಿ ಆ ಹುಡುಗಿಗೆ ಮನೆಯ ಚಿತ್ರ ತೋರಿಸಿ "ವಾಟ್ ಈಸ್ ದಿಸ್?" ಎಂದು ಕೇಳಿದೆ. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಸುಮ್ಮನೆ ನಿಂತಳು. ಬಗ್ಗಿ, ಮೆಲ್ಲಗೆ, "ಉಂದು ದಾದ?" ಎಂದೆ.