ಮೊಳದಲ್ಲಿ ಅಕ್ಕಿ ಅಳೆಯುವವರು

ಹೂವನ್ನು ಮೊಳದಲ್ಲಿ, ಅಕ್ಕಿಯನ್ನು ಸೇರಿನಲ್ಲಿ, ಚಿನ್ನವನ್ನು ಗ್ರಾಮಿನಲ್ಲಿ ಕೊಂಡು ಬೆಳೆದ ಜನ ನಾವು. ಸಂತೆಯಲ್ಲಿ ಯಾರಾದರೂ ‘ಎರಡು ಮೊಳ ಅಕ್ಕಿ ಕೊಡಿ’ ಅಂದರೆ ಅಂಗಡಿಯವನು ನಗುತ್ತಾನೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅದೇ ಕೆಲಸ ದಿನವೂ ನಡೆಯುತ್ತಿದೆ, ಯಾರೂ ನಗುತ್ತಿಲ್ಲ. ಮೊಳ ಹಾಕುವವರು ಗಂಭೀರವಾಗಿ ಹಾಕುತ್ತಾರೆ, ಹಾಕಿಸಿಕೊಳ್ಳುವವರು ಗಂಭೀರವಾಗಿ ಕೈಕಟ್ಟಿ ನಿಲ್ಲುತ್ತಾರೆ.

ನಾನು ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಹಾಸ್ಟೆಲಿನ ಒಂದೇ ಕಾರಿಡಾರಿನಲ್ಲಿ ಗಣಿತ, ರಸಾಯನಶಾಸ್ತ್ರ, ಸಿವಿಲ್ ಎಂಜಿನಿಯರಿಂಗ್, ಕನ್ನಡ ಎಲ್ಲ ವಿಭಾಗದವರೂ ಇದ್ದೇವೆ. ರಸಾಯನಶಾಸ್ತ್ರದ ಗೆಳೆಯ ಲ್ಯಾಬಿನಿಂದ ನಡುರಾತ್ರಿ ಬರುತ್ತಾನೆ. ಅವನ ಊಟದ ಹೊತ್ತಿಗಾಗಿ ರಿಯಾಕ್ಷನ್ ಕಾಯುವುದಿಲ್ಲ. ಗಣಿತದವನು ವಾರಗಟ್ಟಲೆ ಒಂದು ಸಾಲೂ ಬರೆಯದೆ ಓಡಾಡಿಕೊಂಡಿರುತ್ತಾನೆ. ಅದೂ ಅವನ ಕೆಲಸವೇ. ಕನ್ನಡ ವಿಭಾಗದವನು ಒಂದೇ ಕಾವ್ಯದ ಎರಡು ಹಸ್ತಪ್ರತಿಗಳ ಪಾಠ ಕೂಡಿಸುತ್ತಾ ಕೂತಿದ್ದಾನೆ. ನಾನು ಬಸ್ಸು ಹತ್ತಿ ಹಳ್ಳಿಗೆ ಹೋಗುತ್ತೇನೆ. ಮೂರನೆಯ ಸಲ ಹೋಗುವವರೆಗೂ ಅಲ್ಲಿ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಆದರೆ ಆರು ತಿಂಗಳಿಗೊಮ್ಮೆ ನಾವೆಲ್ಲ ತುಂಬುವ ಪ್ರಗತಿ ವರದಿಯ ಫಾರಂ ಒಂದೇ. ಎಷ್ಟು ಪ್ರಬಂಧ? ಯಾವ ಜರ್ನಲ್? ಎಷ್ಟು ಸೆಮಿನಾರ್?

ನನ್ನ ತಕರಾರು ಆ ಫಾರಮ್ಮಿನ ಮೇಲೆ ಅಷ್ಟೇ ಅಲ್ಲ, ಅದರ ಹಿಂದಿರುವ ನಂಬಿಕೆಯ ಮೇಲೆ. ‘ಸಂಶೋಧನೆ’ ಎಂಬುದು ಏಕವಚನದ ಪದವಾದ್ದರಿಂದ ಅದು ಒಂದೇ ಬಗೆಯ ಕೆಲಸ ಎಂದು ನಾವು ನಂಬಿಬಿಟ್ಟಿದ್ದೇವೆ. ಹಾಗಿಲ್ಲ. ತಿಳಿಯಬೇಕಾದ ವಸ್ತು ಬೇರೆಯಾದರೆ ತಿಳಿಯುವ ದಾರಿ, ತಗಲುವ ಕಾಲ, ಕೊಡಬೇಕಾದ ಪುರಾವೆ ಎಲ್ಲವೂ ಬೇರೆಯಾಗುತ್ತವೆ. ಒಂದೇ ಅಳತೆಗೋಲು ಹಿಡಿದರೆ ಮೊದಲು ಸಾಯುವುದು ನಿಧಾನದ ಕೆಲಸ, ಒಂದು ಊರಿಗೆ ಅಂಟಿಕೊಂಡ ಕೆಲಸ ಮತ್ತು ಕನ್ನಡದ ಕೆಲಸ.

ಮೊದಲು ಕಾಲದ ಮಾತು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು 1988ರಲ್ಲಿ ಬಂಡೀಪುರದ ಪಕ್ಕದ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರು ಜಾಗ ಗುರುತಿಸಿ, ಅಲ್ಲಿನ ಒಂದು ಸೆಂಟಿಮೀಟರಿಗಿಂತ ದಪ್ಪದ ಕಾಂಡಗಳಿಗೆಲ್ಲ ಸಂಖ್ಯೆ ಕಟ್ಟಿದರು. ಯಾವುದು ಸತ್ತಿತು, ಯಾವುದು ಬೆಂಕಿಗೆ ಸಿಕ್ಕಿತು, ಯಾವುದನ್ನು ಆನೆ ಮುರಿಯಿತು ಎಂದು ಅಂದಿನಿಂದ ಲೆಕ್ಕ ಇಡುತ್ತಿದ್ದಾರೆ. ಮರ ನಮ್ಮ ಬಡ್ತಿಯ ವೇಳಾಪಟ್ಟಿ ನೋಡಿ ಬೆಳೆಯುವುದಿಲ್ಲ. ಅಂಥ ಜಾಗದ ಬೆಲೆ ಗೊತ್ತಾಗುವುದು ಹತ್ತಿಪ್ಪತ್ತು ವರ್ಷ ಕಳೆದ ಮೇಲೆ.

ಇನ್ನೊಂದು ಕಡೆಯ ಉದಾಹರಣೆ ನಮ್ಮವರೇ ಆದ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ಉಳಿದರು. ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು. ಬೇರೆ ಪುಸ್ತಕ, ಲೇಖನಗಳನ್ನು ಬರೆಯುತ್ತಲೇ ಇದ್ದರೂ ರಾಂಪುರದ ದೊಡ್ಡ ಪುಸ್ತಕ ಬಾಕಿ ಉಳಿದಿತ್ತು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು, ಸಂಸ್ಕರಿಸಿ ಜೋಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆಮೇಲೆ ನೆನಪಿನ ಬಲದ ಮೇಲೆ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಹಳ್ಳಿಗೆ ಹೋದದ್ದಕ್ಕೂ ಪುಸ್ತಕ ಬಂದದ್ದಕ್ಕೂ ನಡುವೆ 28 ವರ್ಷ. ಪ್ರಯೋಗಶಾಲೆಯಲ್ಲಿ ‘ಡೇಟಾ ಸುಟ್ಟುಹೋಯಿತು, ನೆನಪಿನಿಂದ ಬರೆದೆ’ ಅಂದರೆ ಅದು ಅಪರಾಧ. ಇಲ್ಲಿ ಅದೇ ನೆನಪು ಒಂದು ಹಳ್ಳಿಯ ಜೀವವನ್ನು ಹಿಡಿದುಕೊಟ್ಟಿತು. ಎರಡು ಮಾತೂ ನಿಜ, ಎರಡೂ ಒಟ್ಟಿಗೇ ನಿಜ.

ಇವನ್ನೆಲ್ಲ ಅಳೆಯಲು ನಾವು ತಂದಿಟ್ಟುಕೊಂಡಿರುವ ಕೋಲು ಯಾವುದು? ಇಂಪ್ಯಾಕ್ಟ್ ಫ್ಯಾಕ್ಟರ್. ಯೂಜೀನ್ ಗಾರ್ಫೀಲ್ಡ್ ಎಂಬಾತ ತನ್ನ ಉಲ್ಲೇಖ ಸೂಚಿಗೆ ಯಾವ ಜರ್ನಲುಗಳನ್ನು ಸೇರಿಸಬೇಕು ಎಂದು ಆರಿಸಿಕೊಳ್ಳಲು ಮಾಡಿಕೊಂಡ ಲೆಕ್ಕ ಅದು. ಒಂದು ಜರ್ನಲಿನಲ್ಲಿ ಹಿಂದಿನ ಎರಡು ವರ್ಷ ಬಂದ ಪ್ರಬಂಧಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದಷ್ಟೇ ಅದು ಹೇಳುವುದು. ಜರ್ನಲಿನ ಬಗ್ಗೆ ಹೇಳುತ್ತದೆ, ಒಂದು ಪ್ರಬಂಧದ ಬಗ್ಗೆ ಹೇಳುವುದಿಲ್ಲ, ಅದನ್ನು ಬರೆದವರ ಬಗ್ಗೆಯಂತೂ ಇಲ್ಲವೇ ಇಲ್ಲ. ಜೀವಕೋಶ, ಔಷಧಗಳ ಮೇಲೆ ಸಾವಿರಾರು ಮಂದಿ ಒಟ್ಟಿಗೆ ಕೆಲಸ ಮಾಡುವ ಕಡೆ ಎರಡು ವರ್ಷದಲ್ಲಿ ಉಲ್ಲೇಖಗಳು ರಾಶಿ ಬೀಳುತ್ತವೆ. ಗಣಿತದಲ್ಲಿ ಒಂದು ಪ್ರಬಂಧವನ್ನು ಓದಿ ಅರಗಿಸಿಕೊಳ್ಳುವುದಕ್ಕೇ ಅಷ್ಟು ಹೊತ್ತು ಬೇಕು. ಹೊಸ ಜಾತಿಯ ಕಪ್ಪೆಯನ್ನು ಗುರುತಿಸಿ ವರ್ಣಿಸುವ ಜೀವಿವರ್ಗೀಕರಣದವರದೂ ಇದೇ ಪಾಡು. ಆದ್ದರಿಂದ ಇದು ವಿಜ್ಞಾನದವರು ಕಲೆಯವರನ್ನು ತುಳಿಯುತ್ತಿರುವ ಕಥೆ ಅಲ್ಲ. ಪೆಟ್ಟು ವಿಜ್ಞಾನದೊಳಗಿನವರಿಗೂ ಬಿದ್ದಿದೆ.

ಪ್ರಾಧ್ಯಾಪಕರ ನೇಮಕ, ಬಡ್ತಿಗಾಗಿ ಯುಜಿಸಿ ಮಾಡಿದ 2018ರ ನಿಯಮಾವಳಿಯ ಅಂಕಪಟ್ಟಿಯನ್ನು ನೋಡಿ. ಶಾಸ್ತ್ರಗಳು ಬೇರೆ ಬೇರೆ ಎಂಬುದು ಅದಕ್ಕೆ ಪೂರ್ತಿ ತಿಳಿದಿಲ್ಲ ಎನ್ನಲಾಗದು: ವಿಜ್ಞಾನ, ಎಂಜಿನಿಯರಿಂಗ್ ಪ್ರಬಂಧಕ್ಕೆ 8 ಅಂಕ, ಭಾಷೆ ಮತ್ತು ಸಮಾಜ ವಿಜ್ಞಾನಗಳ ಪ್ರಬಂಧಕ್ಕೆ 10. ತಿಳುವಳಿಕೆ ಅಲ್ಲಿಗೆ ಮುಗಿಯಿತು. ಇದರ ಮೇಲೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಜರ್ನಲಿಗೆ 5 ಅಂಕ ಸೇರಿಕೊಳ್ಳುತ್ತದೆ, ಹತ್ತಕ್ಕಿಂತ ಹೆಚ್ಚು ಇದ್ದರೆ 30. ಈ ಏಣಿ ಎಲ್ಲ ಶಾಸ್ತ್ರಗಳಿಗೂ ಒಂದೇ. ಮೊದಲು ಕೊಟ್ಟ ಎರಡು ಅಂಕದ ರಿಯಾಯಿತಿ ಇಲ್ಲಿ ಕೊಚ್ಚಿಹೋಗುತ್ತದೆ.

ಅದೇ ಪಟ್ಟಿಯಲ್ಲಿ ಇಡೀ ಒಂದು ಪುಸ್ತಕದ ಅನುವಾದಕ್ಕೆ 8 ಅಂಕ. ಅಂದರೆ ಒಂದು ಸಮಾಜ ವಿಜ್ಞಾನದ ಪುಸ್ತಕವನ್ನು ಎರಡು ಮೂರು ವರ್ಷ ಕೂತು ಕನ್ನಡಕ್ಕೆ ತಂದವರಿಗಿಂತ, ಎಂಟು ಪುಟದ ಪ್ರಬಂಧ ಬರೆದವರದು ಹೆಚ್ಚು ತೂಕ. ಕನ್ನಡದಲ್ಲಿ ಜ್ಞಾನ ಬರಬೇಕು ಎಂದು ನವೆಂಬರ್ ತಿಂಗಳಿಡೀ ಭಾಷಣ ಮಾಡುವವರು ಈ ಒಂದು ಸಾಲನ್ನು ಓದಿಕೊಂಡು ವೇದಿಕೆ ಹತ್ತಬೇಕು.

ಇನ್ನು ಕೆಲವು ಕಡೆ ಪಟ್ಟಿಯ ಲೆಕ್ಕ ನಗು ತರಿಸುತ್ತದೆ. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ ಶೇ. 70, ಉಳಿದ ಒಬ್ಬೊಬ್ಬರಿಗೂ ಶೇ. 30 ಅಂಕ. ಗಣಿತದಲ್ಲಿ, ಅರ್ಥಶಾಸ್ತ್ರದ ಬಹುಭಾಗದಲ್ಲಿ ಲೇಖಕರ ಹೆಸರು ಅಕಾರಾದಿಯಾಗಿ ಬರುತ್ತದೆ. ಅಲ್ಲಿ ಮೊದಲ ಹೆಸರಿಗೆ ವಿಶೇಷ ಅರ್ಥವೇ ಇಲ್ಲ. ಪ್ರಯೋಗಶಾಲೆಗಳಲ್ಲಿ ಮೊದಲ ಹೆಸರು ಕೆಲಸ ಮಾಡಿದ ವಿದ್ಯಾರ್ಥಿಯದು, ಕೊನೆಯ ಹೆಸರು ಲ್ಯಾಬಿನ ಯಜಮಾನರದು. ಹಿಗ್ಸ್ ಕಣದ ರಾಶಿಯನ್ನು ನಿಖರವಾಗಿ ಅಳೆದ 2015ರ ಪ್ರಬಂಧಕ್ಕೆ 5154 ಲೇಖಕರು. ಯುಜಿಸಿ ಸೂತ್ರ ಹಾಕಿ ಎಲ್ಲರ ಪಾಲನ್ನೂ ಕೂಡಿಸಿದರೆ ಆ ಒಂದು ಪ್ರಬಂಧ 1500ಕ್ಕೂ ಹೆಚ್ಚು ಪ್ರಬಂಧಗಳಾಗುತ್ತದೆ. ಇಂದಿನ ಚಾಟ್‌ಜಿಪಿಟಿಯಂಥವುಗಳಿಗೆ ಬುನಾದಿಯಾದ, ಟ್ರಾನ್ಸ್‌ಫಾರ್ಮರ್ ವಿನ್ಯಾಸವನ್ನು ಪರಿಚಯಿಸಿದ 2017ರ ಬರಹ ಜರ್ನಲಿನಲ್ಲಿ ಬಂದದ್ದಲ್ಲ, ಅಮೆರಿಕದಲ್ಲಿ ನಡೆದ ಸಮ್ಮೇಳನವೊಂದರದು. ಕಂಪ್ಯೂಟರ್ ವಿಜ್ಞಾನದಲ್ಲಿ ಸಮ್ಮೇಳನವೇ ಕಠಿಣ ಪರೀಕ್ಷೆ. ನಮ್ಮ ಪಟ್ಟಿಯಲ್ಲಿ ವಿದೇಶದ ಸಮ್ಮೇಳನಕ್ಕೆ 7 ಅಂಕ, ಊಟ ಹಾಕಿ ಸರ್ಟಿಫಿಕೇಟ್ ಕೊಡುವ ಸಮ್ಮೇಳನಕ್ಕೂ ಅಲ್ಲಿ ಅಷ್ಟೇ.

ಅಳತೆ ಒಂದೇ ಆದಾಗ ಕೆಲಸವೂ ಅದಕ್ಕೆ ತಕ್ಕಂತೆ ಮೈ ಬಗ್ಗಿಸುತ್ತದೆ. ಇದು ನನಗೆ ಹೆಚ್ಚು ನೋವು ಕೊಡುವ ಸಂಗತಿ. ಪಿಎಚ್‌ಡಿ ಸಾರಲೇಖದ ನಮೂನೆಯಲ್ಲಿ ‘ಪ್ರಾಕ್ಕಲ್ಪನೆ’ ಎಂಬ ತಲೆಬರಹ ಇರುತ್ತದೆ. ಗೊಬ್ಬರದಿಂದ ಇಳುವರಿ ಹೆಚ್ಚುತ್ತದೆಯೇ ಎಂದು ಕೇಳುವವರಿಗೆ ಅದು ಬೇಕೇ ಬೇಕು. ವಚನಗಳ ಮೇಲೆ ಕೆಲಸ ಮಾಡುವವರು ಅಲ್ಲಿ ಏನು ಬರೆಯಬೇಕು? ‘ವಚನಗಳು ಸಮಾಜದ ಮೇಲೆ ಪ್ರಭಾವ ಬೀರಿವೆ’ ಎಂದು ಬರೆಯುತ್ತಾರೆ. ನಾಲ್ಕು ವರ್ಷದ ನಂತರ ‘ಪ್ರಾಕ್ಕಲ್ಪನೆ ಸಾಬೀತಾಗಿದೆ’ ಎಂದು ಮುಗಿಸುತ್ತಾರೆ. ನನ್ನ ಶಾಸ್ತ್ರದಲ್ಲಿ ಇದರ ಅವತಾರ ಪ್ರಶ್ನಾವಳಿ. ನೂರು ಮನೆಗೆ ‘ಹೌದು–ಇಲ್ಲ’ದ ಹಾಳೆ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿದರೆ ಅದು ವೈಜ್ಞಾನಿಕ. ‘ನಿಮ್ಮ ಊರಿನಲ್ಲಿ ಜಾತಿಭೇದ ಇದೆಯೇ?’ ಎಂದು ಜಗಲಿಯ ಮೇಲೆ ಹತ್ತು ಜನರ ಎದುರು ಕೇಳಿದರೆ ಯಾರು ಹೌದು ಅನ್ನುತ್ತಾರೆ? ಆ ಉತ್ತರ ಯಾರ ಮನೆಯಲ್ಲಿ ಯಾರು ನೀರು ಕುಡಿಯುತ್ತಾರೆ ಎಂಬುದರಲ್ಲಿ ಇರುತ್ತದೆ. ಅದನ್ನು ಕಾಣಲು ಕಾಯಬೇಕು. ಕಾದ ದಿನಗಳಿಗೆ ಫಾರಮ್ಮಿನಲ್ಲಿ ಕಾಲಂ ಇಲ್ಲ.

ಎಂಜಿನಿಯರಿಂಗಿನವರಿಗೆ ಈ ಕಷ್ಟ ಇಲ್ಲ ಅನ್ನುವವರಿಗೆ ಅಸ್ತ್ರ ಒಲೆಯನ್ನು ನೆನಪಿಸುತ್ತೇನೆ. ರಸಾಯನಶಾಸ್ತ್ರಜ್ಞ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಘಟಕ ಶುರುವಾಯಿತು. ಹಳ್ಳಿಗಳ ಅಗತ್ಯಕ್ಕೆ ತಕ್ಕ ತಂತ್ರಜ್ಞಾನ ರೂಪಿಸುವುದು ಅದರ ಕೆಲಸ. ಕಡಿಮೆ ಸೌದೆಯ, ಕಡಿಮೆ ಹೊಗೆಯ ಒಲೆ ಅಲ್ಲಿಂದ ಬಂದು ನಾಡಿನ ಎಷ್ಟೋ ಅಡುಗೆಮನೆಗಳನ್ನು ಸೇರಿತು. ಆ ಸಂಶೋಧನೆ ಗೆದ್ದಿತೋ ಸೋತಿತೋ ಎಂದು ಹೇಳಬೇಕಾದವರು ಆ ಒಲೆಯ ಮುಂದೆ ಕೂತ ಹೆಂಗಸರು. ಅವರು ಜರ್ನಲಿನಲ್ಲಿ ಉಲ್ಲೇಖ ಬರೆಯುವುದಿಲ್ಲ. ಇವತ್ತು ಯುವ ಎಂಜಿನಿಯರೊಬ್ಬರು ಅಂಥ ಒಲೆಗೆ ಐದು ವರ್ಷ ಕೊಡುತ್ತೇನೆಂದರೆ, ಅವರ ಒಳಿತು ಬಯಸುವ ಮಾರ್ಗದರ್ಶಕರು ‘ಬೇಡಪ್ಪ, ಸಿಮ್ಯುಲೇಷನ್ ಮಾಡು, ವರ್ಷಕ್ಕೆ ಎರಡು ಪೇಪರ್ ಆಗುತ್ತೆ’ ಅನ್ನುತ್ತಾರೆ. ಅವರ ಸಲಹೆ ತಪ್ಪಲ್ಲ. ಅದನ್ನು ಸರಿಯಾಗಿಸಿರುವ ವ್ಯವಸ್ಥೆ ತಪ್ಪು.

ಸಂಖ್ಯೆ ಕೇಳಿದರೆ ಮಾರುಕಟ್ಟೆ ಸಂಖ್ಯೆ ಪೂರೈಸುತ್ತದೆ. ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಪ್ರಬಂಧ ಪ್ರಕಟಿಸಲೇಬೇಕು, ಎರಡು ಸೆಮಿನಾರಿನಲ್ಲಿ ಮಂಡಿಸಲೇಬೇಕು ಎಂದು ಯುಜಿಸಿಯ 2016ರ ನಿಯಮ ಹೇಳಿತ್ತು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲುಗಳು ಬೀದಿಗೊಂದಾದವು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4305 ಜರ್ನಲುಗಳನ್ನು ಕಿತ್ತುಹಾಕಬೇಕಾಯಿತು. ಆಮೇಲೆ ಕೇರ್ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದ್ದಾಗಿ ಪ್ರಕಟಿಸಿದರು. ಪ್ರಕಟಣೆಯ ಕಡ್ಡಾಯವನ್ನು 2022ರಲ್ಲೇ ತೆಗೆದರು, ಆದರೂ ಎಷ್ಟೋ ಕಡೆ ಅದು ರೂಢಿಯಾಗಿ ಉಳಿದಿದೆ. ಪಟ್ಟಿಗಳು ಬದಲಾದವು, ಪಟ್ಟಿಯ ಚಟ ಬಿಡಲಿಲ್ಲ.

‘ಹಾಗಾದರೆ ಅಳತೆಯೇ ಬೇಡವೇ? ಜನರ ತೆರಿಗೆ ಹಣ ತಿಂದು ಸುಮ್ಮನೆ ಕೂರುತ್ತೀರಾ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಅಂಕ ಬರುವ ಮೊದಲು ಜಾತಿ, ಶಿಫಾರಸು, ಗುರುಭಕ್ತಿಗಳೇ ಅಂಕವಾಗಿದ್ದವು. ಹಿಂದೆ ಯಾರೂ ಇಲ್ಲದ ಹುಡುಗ ಹುಡುಗಿಯರಿಗೆ ಸಂಖ್ಯೆ ಒಂದಿಷ್ಟು ರಕ್ಷಣೆ ಕೊಟ್ಟಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕಡೆಯವರ ಬಗ್ಗೆಯೂ ಹೇಳಬೇಕು. ‘ಮಾನವಿಕಗಳನ್ನು ಅಳೆಯಲಾಗದು’ ಎಂಬ ಮಾತಿನ ನೆರಳಿನಲ್ಲಿ ‘ಬದುಕು–ಬರಹ: ಒಂದು ಅಧ್ಯಯನ’ ಎಂಬ ಒಂದೇ ಅಚ್ಚಿನ ಮಹಾಪ್ರಬಂಧಗಳು ಎಷ್ಟು ಬಂದಿಲ್ಲ! ಅಳೆಯಲಾಗದು ಅನ್ನುವುದು ಸೋಮಾರಿಗಳಿಗೆ ಅನುಕೂಲ. ಅಳೆಯಬಹುದು, ಅಳೆಯಲೇಬೇಕು, ಆದರೆ ಅಕ್ಕಿಗೆ ಸೇರು ತನ್ನಿ.

ಸೇರು ತರುವುದು ಅಸಾಧ್ಯವೇನಲ್ಲ. ಒಬ್ಬ ಸಂಶೋಧಕರ ಕೆಲಸವನ್ನು ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ಅಳೆಯಬೇಡಿ ಎಂದು 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿತು. ಅದನ್ನು ಶುರುಮಾಡಿದವರು ಜೀವಕೋಶ ವಿಜ್ಞಾನಿಗಳು, ಅಂದರೆ ಈ ಅಳತೆಯಿಂದ ಲಾಭವಾಗುವ ಕಡೆಯವರೇ. ನಮಗೆ ಬೇಕಾದ್ದು ಮೂರು. ಒಂದು, ಅರ್ಜಿದಾರರು ತಮ್ಮ ಪ್ರಕಟಣೆಗಳ ಎಣಿಕೆ ಕೊಡುವ ಬದಲು ತಮ್ಮ ಮೂರು ಒಳ್ಳೆಯ ಕೆಲಸಗಳನ್ನು ಕೊಡಲಿ. ಆಯ್ಕೆ ಸಮಿತಿಯವರು ಅವನ್ನು ಓದಲಿ, ಓದಿ ಏನನ್ನಿಸಿತು ಎಂದು ಸಹಿ ಹಾಕಿ ಬರೆಯಲಿ. ಸಹಿ ಇದ್ದರೆ ಶಿಫಾರಸಿನ ಬಾಯಿಗೂ ಬೀಗ ಬೀಳುತ್ತದೆ. ಎರಡು, ಯಾವ ಶಾಸ್ತ್ರದಲ್ಲಿ ಯಾವುದು ಒಳ್ಳೆಯ ಪುರಾವೆ, ಎಷ್ಟು ಕಾಲ ನ್ಯಾಯ ಎಂಬುದನ್ನು ಆಯಾ ಶಾಸ್ತ್ರದವರು ಬರೆದು ಬಹಿರಂಗವಾಗಿ ಇಡಲಿ. ಮೂರು, ಸಂಪಾದಿಸಿದ ಹಸ್ತಪ್ರತಿ, ಕನ್ನಡಕ್ಕೆ ತಂದ ಗ್ರಂಥ, ಕಟ್ಟಿದ ಒಲೆ, ಹತ್ತು ವರ್ಷ ಕಾಪಾಡಿದ ಕಾಡಿನ ದಾಖಲೆ ಇವು ಸಂಶೋಧನೆಯ ಫಲ ಎಂದೇ ಎಣಿಕೆಯಾಗಲಿ.

ಇದಕ್ಕೆ ಖರ್ಚಿಲ್ಲ, ಓದುವ ಶ್ರಮ ಇದೆ. ಸಂಖ್ಯೆಯ ಆಕರ್ಷಣೆಯೇ ಅದು: ಓದದೆ ತೀರ್ಪು ಕೊಡಬಹುದು. ಓದುವುದನ್ನೇ ವೃತ್ತಿ ಮಾಡಿಕೊಂಡವರು, ಓದದೆ ತೀರ್ಪು ಕೊಡುವ ದಾರಿ ಹುಡುಕಿಕೊಂಡರಲ್ಲ ಎಂಬುದೇ ನನ್ನ ಸಿಟ್ಟು. ಮುಂದಿನ ವರ್ಷ ಸಂಶೋಧನೆಗೆ ಸೇರಲಿರುವವರು ಈ ಬರಹ ಓದುತ್ತಿದ್ದರೆ ಒಂದು ಮಾತು. ನಿಮ್ಮ ಸಾರಲೇಖದ ಫಾರಂ ಕೈಗೆ ಬಂದಾಗ, ನಿಮ್ಮ ಕೆಲಸಕ್ಕೆ ಹೊಂದದ ಕಾಲಮ್ಮಿನಲ್ಲಿ ಸುಳ್ಳು ತುಂಬಬೇಡಿ. ‘ಈ ಅಧ್ಯಯನಕ್ಕೆ ಇದು ಅನ್ವಯಿಸುವುದಿಲ್ಲ, ಕಾರಣ ಹೀಗಿದೆ’ ಎಂದು ಎರಡು ಸಾಲು ಬರೆಯಿರಿ. ಒಬ್ಬರು ಬರೆದರೆ ತಿರಸ್ಕರಿಸುತ್ತಾರೆ. ಒಂದು ಕಾರಿಡಾರಿನವರೆಲ್ಲ ಬರೆದರೆ ಫಾರಂ ಬದಲಿಸಬೇಕಾಗುತ್ತದೆ.