ಮನೆಯ ಮಾತು: ಸ್ಪ್ಯಾನಿಷ್ ಭಾಷೆಯ ಒಂದು ಪಾಠವನ್ನು ಕುರಿತು

ಅನ್ಯಭಾಷೆಯೊಂದನ್ನು ಕಲಿಯಹೊರಟ ವಿದ್ಯಾರ್ಥಿಗೆ ಅಕ್ಷರ, ಎಣಿಕೆ, ನಮಸ್ಕಾರಗಳು ಮುಗಿದೊಡನೆ ಎದುರಾಗುವುದು ಮನೆ. ಸ್ಪ್ಯಾನಿಷ್ ಪಠ್ಯಪುಸ್ತಕಗಳೂ ಇದಕ್ಕೆ ಹೊರತಲ್ಲ. ಪುಟದ ಒಂದು ಮಗ್ಗುಲಲ್ಲಿ ಮನೆಯ ಚಿತ್ರ; ಇನ್ನೊಂದು ಮಗ್ಗುಲಲ್ಲಿ ‘ಕೊಸೀನಾ’ ಎಂದರೆ ಅಡುಗೆಮನೆ, ‘ಪುಎರ್ತಾ’ ಎಂದರೆ ಬಾಗಿಲು, ‘ಬೆಂತಾನಾ’ ಎಂದರೆ ಕಿಟಕಿ, ‘ಮೇಸಾ’ ಎಂದರೆ ಮೇಜು ಎಂಬ ಪಟ್ಟಿ. ವಿದ್ಯಾರ್ಥಿಯು ಅದನ್ನು ಉರುಹೊಡೆದು ಒಪ್ಪಿಸುತ್ತಾನೆ. ಪಾಠವು ಸಾಂಗವಾಗಿ ಮುಗಿಯಿತೆಂದು ಗುರುಶಿಷ್ಯರಿಬ್ಬರೂ ಸಮಾಧಾನಪಡುತ್ತಾರೆ. ಇಂದು ಬೆಂಗಳೂರಿನಂತಹ ನಗರಗಳಲ್ಲಿ ಉದ್ಯೋಗಕ್ಕಾಗಿಯೋ ಉನ್ನತ ವ್ಯಾಸಂಗಕ್ಕಾಗಿಯೋ ಈ ಭಾಷೆಯನ್ನು ಅಭ್ಯಾಸ ಮಾಡುವ ಕನ್ನಡ ತರುಣ ತರುಣಿಯರಿದ್ದಾರೆ. ಅವರಲ್ಲಿ ಹಲವರು ಇದನ್ನು ಶಿಶುಪಾಠವೆಂದು ಬೇಗ ದಾಟಿಬಿಡುತ್ತಾರೆ. ಬೇಗ ದಾಟಬಾರದ ಪಾಠವಿದು.

ಪಟ್ಟಿಯ ದೋಷವೇನು? ಮೊದಲನೆಯದಾಗಿ, ಅದು ಶಬ್ದವನ್ನು ಅರ್ಧ ಮಾತ್ರ ಕೊಡುತ್ತದೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮೇಜು, ಗೋಡೆ, ಮಂಚಗಳೆಲ್ಲವೂ ನಪುಂಸಕ. ಸ್ಪ್ಯಾನಿಷಿನಲ್ಲಿ ನಿರ್ಜೀವ ವಸ್ತುವಿಗೂ ಸ್ತ್ರೀಲಿಂಗವೋ ಪುಲ್ಲಿಂಗವೋ ಇದ್ದೇ ತೀರಬೇಕು. ಮೇಜು ‘ಲಾ ಮೇಸಾ’, ಸ್ತ್ರೀಲಿಂಗ. ಕಪಾಟು ‘ಎಲ್ ಆರ್ಮಾರಿಯೊ’, ಪುಲ್ಲಿಂಗ. ಅಂತ್ಯಾಕ್ಷರವನ್ನು ನೋಡಿ ಊಹಿಸೋಣವೆಂದರೆ ಆಕಾರಾಂತವಾದ ಸೋಫಾ ಪುಲ್ಲಿಂಗವಾಗಿ ಕುಳಿತಿದೆ. ವ್ಯಂಜನಾಂತವಾದ ‘ಪಾರೆದ್’, ಅಂದರೆ ಗೋಡೆ, ಸ್ತ್ರೀಲಿಂಗವಾಗಿ ನಿಂತಿದೆ. ಹಿಂದಿಯನ್ನು ಕಲಿಯುವಾಗ ಇದೇ ಪಡಿಪಾಟಲನ್ನು ಪಟ್ಟವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದುದರಿಂದ ‘ಎಲ್’, ‘ಲಾ’ಗಳನ್ನು ಬಿಟ್ಟು ಕಲಿತ ಹೆಸರು ಮುಂದೆ ವಾಕ್ಯದಲ್ಲಿ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತದೆ.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಒಂದೇ ವರ್ಗಕ್ಕೆ ಸೇರಿದ ಶಬ್ದಗಳನ್ನು ಒಟ್ಟಿಗೆ ಕಲಿತರೆ ನೆನಪು ಗಟ್ಟಿಯಾಗುತ್ತದೆಂಬುದು ಸಾಮಾನ್ಯ ನಂಬಿಕೆ. 1993ರಲ್ಲಿ ಟಿಂಕಮ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳ ಫಲಿತಾಂಶ ಇದಕ್ಕೆ ವಿರುದ್ಧವಾಗಿತ್ತು: ಪರಸ್ಪರ ಸಂಬಂಧವಿಲ್ಲದ ಶಬ್ದಗಳಿಗಿಂತ ಒಂದೇ ಗುಂಪಿನ ಶಬ್ದಗಳನ್ನು ಕಲಿಯಲು ಹೆಚ್ಚು ಆವೃತ್ತಿಗಳು ಬೇಕಾದವು. 1997ರಲ್ಲಿ ವೇರಿಂಗ್ ಎಂಬವರು ಜಪಾನೀ ಭಾಷಿಕರಲ್ಲಿಯೂ ಇದನ್ನೇ ಕಂಡರು. ಕುರ್ಚಿ, ಮೇಜು, ಮಂಚ, ಕಪಾಟುಗಳು ಒಂದೇ ಉಸಿರಿನಲ್ಲಿ ಬಂದರೆ ಒಂದು ಇನ್ನೊಂದರ ಜಾಗದಲ್ಲಿ ಕುಳಿತುಬಿಡುತ್ತದೆ. ಅವು ಬೇರೆ ಬೇರೆಯಾಗಿ, ಒಂದೊಂದು ಕೆಲಸದ ಬೆನ್ನಿಗೆ ಬರಬೇಕು. ಬಾಗಿಲನ್ನು ತೆರೆಯುತ್ತ ‘ಲಾ ಪುಎರ್ತಾ’ ಎನ್ನಲಿ. ಬೀಗದ ಕೈಯನ್ನು ಹುಡುಕುತ್ತ ‘ಲಾ ಯಾಬೆ’ ಎಲ್ಲಿದೆಯೆಂದು ಕೇಳಲಿ. ಶಬ್ದವೂ ವಸ್ತುವೂ ಜೊತೆಯಾಗಿ ಸಾಗಬೇಕೆಂದು ಸಾರಿದ ಕೊಮೇನಿಯಸ್ ತನ್ನ ಸಚಿತ್ರ ಪಾಠಪುಸ್ತಕವನ್ನು ಪ್ರಕಟಿಸಿದುದು 1658ರಲ್ಲಿ. ಚಿತ್ರವನ್ನು ಉಳಿಸಿಕೊಂಡು ಆತನ ತತ್ತ್ವವನ್ನು ಮರೆತ ಪುಸ್ತಕಗಳು ಎಷ್ಟಿಲ್ಲ!

ಇಷ್ಟಾದರೂ ಮುಖ್ಯ ವಿಷಯ ಉಳಿದೇ ಇದೆ. ಮನೆಗೆ ಸಂಬಂಧಿಸಿದ ಮಾತುಗಳನ್ನು ಶಬ್ದಕ್ಕೆ ಶಬ್ದವಿಟ್ಟು ತೂಗಲಾಗದು. ಮನೆಯ ಎದುರಿಗೆ ಮನೆಯನ್ನಿಟ್ಟೇ ನೋಡಬೇಕು. ‘ಪಾತಿಯೊ’ ಎಂಬ ಶಬ್ದಕ್ಕೆ ನಿಘಂಟು ಅಂಗಳವೆಂದು ಅರ್ಥ ಕೊಡುತ್ತದೆ. ಓದುವವನು ಮನೆಯ ಮುಂದಿನ ಬಯಲನ್ನು ಕಲ್ಪಿಸಿಕೊಳ್ಳುತ್ತಾನೆ. ಆದರೆ ದಕ್ಷಿಣ ಸ್ಪೇನಿನ ಕೊರ್ದೊಬಾ ನಗರದ ಪಾತಿಯೊ ಮನೆಯ ನಡುವೆ ಆಕಾಶಕ್ಕೆ ತೆರೆದ ಚೌಕ. ಸುತ್ತಲೂ ಕೋಣೆಗಳು, ಗೋಡೆಯ ತುಂಬ ಹೂಕುಂಡಗಳು. ಬೇಸಗೆಯ ಬೇಗೆಯಲ್ಲಿ ಮನೆಗೆ ತಂಪು ಬರುವುದು ಅಲ್ಲಿಂದಲೇ. ಅಲ್ಲಿನ ಪಾತಿಯೊ ಉತ್ಸವವನ್ನು 2012ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ತೊಟ್ಟಿಮನೆಯನ್ನು ಕಂಡ ಕನ್ನಡದ ಬಾಲಕನಿಗೆ ‘ತೊಟ್ಟಿ’ ಎಂಬ ಒಂದು ಮಾತಿನಿಂದ ಇದೆಲ್ಲವೂ ಅರ್ಥವಾಗುತ್ತದೆ. ದುಃಖದ ಸಂಗತಿಯೆಂದರೆ ತೊಟ್ಟಿ, ಪಡಸಾಲೆ, ನಡುಮನೆ, ಜಗಲಿ, ಅಟ್ಟಗಳ ಹೆಸರುಗಳೇ ಮಕ್ಕಳ ಬಾಯಿಂದ ಜಾರುತ್ತಿವೆ. ತನ್ನ ಮನೆಯ ಮೂಲೆಗಳಿಗೆ ಹೆಸರಿಲ್ಲದವನು ಪರರ ಮನೆಯ ಮೂಲೆಗಳನ್ನು ಯಾವುದರೊಡನೆ ಹೋಲಿಸಿ ತಿಳಿದಾನು? ಸ್ಪ್ಯಾನಿಷ್ ಪಾಠದ ಮೊದಲ ಗಂಟೆಯನ್ನು ಕನ್ನಡದ ಮನೆಗೆ ಮೀಸಲಿಡುವ ಅಧ್ಯಾಪಕನು ಕಾಲವನ್ನು ವ್ಯರ್ಥ ಮಾಡಿದನೆಂದು ಯಾರೂ ದೂರಬೇಕಾಗಿಲ್ಲ.

ಶಬ್ದಗಳ ಬೆನ್ನು ಹತ್ತಿ ಹೋದರೆ ಚರಿತ್ರೆಯೂ ತೆರೆದುಕೊಳ್ಳುತ್ತದೆ. ತಲೆದಿಂಬಿನ ‘ಅಲ್ಮೊಆದಾ’, ಗೋಡೆಗೂಡಿನ ‘ಅಲಾಸೇನಾ’, ಬಣ್ಣದ ಹೆಂಚಿನ ‘ಅಸುಲೇಹೊ’ ಅರಬ್ಬಿಯಿಂದ ಬಂದವು. 711ರಿಂದ 1492ರವರೆಗೆ ಆ ನಾಡಿನಲ್ಲಿದ್ದ ಮುಸ್ಲಿಂ ಆಳ್ವಿಕೆಯ ಗುರುತುಗಳವು. ಅಲಾಸೇನಾ ಶಬ್ದದ ಮೂಲವೇ ಕನ್ನಡದಲ್ಲಿ ಖಜಾನೆಯಾಗಿದೆ. ಕನ್ನಡದ ಚಾವಿ, ಅಲಮಾರು, ಬಾಲ್ದಿಗಳು ಪೋರ್ಚುಗೀಸರಿಂದ ಬಂದವು. ಸ್ಪ್ಯಾನಿಷಿನ ಯಾಬೆ, ಆರ್ಮಾರಿಯೊ, ಬಾಲ್ದೆಗಳು ಇವುಗಳ ದಾಯಾದಿಗಳು. ಇನ್ನು ವಿದ್ಯುದ್ದೀಪದ ಬುರುಡೆಯ ಪಾಡು ವಿಚಿತ್ರ: ಸ್ಪೇನಿನಲ್ಲಿ ‘ಬೊಂಬೀಯಾ’, ಮೆಕ್ಸಿಕೋದಲ್ಲಿ ‘ಫೋಕೊ’, ಚಿಲಿಯಲ್ಲಿ ‘ಆಂಪೊಯೇತಾ’. ಇಪ್ಪತ್ತು ರಾಷ್ಟ್ರಗಳ ಅಧಿಕೃತ ಭಾಷೆಗೆ ಒಂದೇ ಪಟ್ಟಿ ಸಾಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಫೋಕೊ ಹುಟ್ಟಿದುದು ಲ್ಯಾಟಿನ್ನಿನಲ್ಲಿ ಒಲೆ ಎಂಬರ್ಥದ ಶಬ್ದದಿಂದ. ಸಂಸಾರವುಳ್ಳ ಮನೆಯನ್ನು ಸೂಚಿಸುವ ‘ಓಗಾರ್’ ಶಬ್ದದ ಮೂಲವೂ ಅದೇ. ಅಣ್ಣತಮ್ಮಂದಿರು ಬೇರೆಯಾದರೆ ‘ಒಲೆ ಬೇರೆಯಾಯಿತು’ ಎನ್ನುವ ಕನ್ನಡಿಗರಿಗೆ ಇದು ಹೊಸತೇನಲ್ಲ.

ಕೊನೆಯದಾಗಿ ‘ಕೊಮೆದೋರ್’. ಪಟ್ಟಿಯಲ್ಲಿ ಅದರ ಅರ್ಥ ಊಟದ ಕೋಣೆ, ಅಷ್ಟೆ. ಪೆರು ದೇಶದ ಲೀಮಾ ನಗರದಲ್ಲಿ 1970ರ ದಶಕದ ಕೊನೆಯಿಂದ ಬಡ ಬಡಾವಣೆಗಳ ಹೆಂಗಸರು ಒಟ್ಟುಗೂಡಿ, ದವಸವನ್ನು ಒಟ್ಟುಹಾಕಿ, ಸರದಿಯ ಮೇಲೆ ಅಡುಗೆಮಾಡಿ ನೆರೆಹೊರೆಗೆ ಅಲ್ಪ ಬೆಲೆಗೆ ಉಣಬಡಿಸತೊಡಗಿದರು. ಅವುಗಳ ಹೆಸರು ‘ಕೊಮೆದೋರ್ ಪೊಪುಲಾರ್’, ಜನರ ಊಟದ ಮನೆ. 1980ರ ದಶಕದ ಆರ್ಥಿಕ ಸಂಕಟದಲ್ಲಿ ಅವು ಊರೆಲ್ಲ ಹಬ್ಬಿದವು. ಇದು ದಾಸೋಹವಲ್ಲ, ಅನ್ನವು ಪ್ರಸಾದವಾಗುವ ಭಾವವೇ ಬೇರೆ. ಆದರೂ ಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದ ವಿದ್ಯಾರ್ಥಿಯೊಬ್ಬನನ್ನು ಅದರ ಬಗ್ಗೆ ಸ್ಪ್ಯಾನಿಷಿನಲ್ಲಿ ಯಾರಾದರೂ ವಿಚಾರಿಸಿದರೆ, ಅವನು ಬರಿಯ ‘ಕೊಮೆದೋರ್’ ಎಂದು ಹೇಳಿ ನಿಲ್ಲಿಸಲಾರ. ಮೊದಲು ಲೀಮಾದ ಹೆಂಗಸರ ಹೆಸರೆತ್ತಿ, ಬಳಿಕ ಸಾಲುಪಂಕ್ತಿಯ ವಿಷಯಕ್ಕೆ ಬಂದರೆ ಕೇಳುವವನಿಗೆ ಸ್ವಲ್ಪಮಟ್ಟಿಗಾದರೂ ತಿಳಿದೀತು.