ಸೀಟು ಸಿಕ್ಕ ಮೇಲಿನ ಲೆಕ್ಕ
ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಗೆ ಬ್ರಿಟನ್ನಿನಲ್ಲಿ ಸೀಟು ಸಿಕ್ಕಿತೆಂದರೆ ಮನೆಯಲ್ಲಿ ಮೊದಲು ಏಳುವ ಮಾತು ಸಾಲದ್ದು. ನನಗೆ ಅಷ್ಟೇ ಮುಖ್ಯವೆನಿಸುವುದು ಓದಿನ ವೇಳಾಪಟ್ಟಿ. ಅಲ್ಲಿಯ ಎಂ.ಎಸ್ಸಿ. ಸಾಮಾನ್ಯವಾಗಿ ಒಂದೇ ವರ್ಷದ್ದು. ತರಗತಿ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ, ಮುಂದೆ ಸಂಶೋಧನೆಗೆ ಹೋಗಬೇಕೆನ್ನುವವರು ಗಮನಿಸಬೇಕಾದ ಅಮೆರಿಕದ ಹೆಚ್ಚಿನ ಪಿಎಚ್‌.ಡಿ. ಅರ್ಜಿಗಳ ಗಡುವು ಡಿಸೆಂಬರ್ ಆಸುಪಾಸು. ಅಷ್ಟರಲ್ಲಿ ಪರೀಕ್ಷೆಯ ಅಂಕ ಬಂದಿರುವುದಿಲ್ಲ, ಶಿಫಾರಸು ಪತ್ರ ಬರೆಯುವಷ್ಟು ನಿಮ್ಮನ್ನು ಬಲ್ಲ ಮೇಷ್ಟ್ರೂ ಇರುವುದಿಲ್ಲ. ಸಂಶೋಧನೆಯೇ ಗುರಿಯಾದರೆ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಖಂಡಿತ ಪರಿಗಣಿಸಿ: ದೆಹಲಿ, ಕೋಲ್ಕತ್ತಗಳಲ್ಲಿ ಅದು ನಡೆಸುವ ಎರಡು ವರ್ಷದ ಅರ್ಥಶಾಸ್ತ್ರದ ಸ್ನಾತಕೋತ್ತರ ಕೋರ್ಸಿಗೆ ಬೋಧನಾ ಶುಲ್ಕವಿಲ್ಲ, ಮೇಲಾಗಿ ತಿಂಗಳ ಸ್ಟೈಪೆಂಡ್ ಉಂಟು. ಗಣಿತ ಮಾತ್ರ ಗಟ್ಟಿಯಿರಬೇಕು. ನಮ್ಮಲ್ಲಿಯ ಓದಿಗೂ ಪರಂಪರೆಯಿದೆ: ಕೇಂಬ್ರಿಜ್‌ನಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಕಟ್ಟಿದರು. ಬ್ರಿಟನ್ನಿನ ಓದೇ ಮೇಲು ಎಂದುಕೊಳ್ಳುವ ಮಕ್ಕಳಿಗೆ ಈ ಪರಂಪರೆ ಗೊತ್ತಿರಲಿ ಎಂಬುದು ನನ್ನ ಆಸೆ. ಬ್ಯಾಂಕು, ಸಲಹಾ ಸಂಸ್ಥೆಗಳ ಕೆಲಸ ಬೇಕೆನ್ನುವವರ ಲೆಕ್ಕ ಬೇರೆ. ಅವರು ವೀಸಾ ನಿಯಮವನ್ನೂ ಸಾಲದ ಕಂತನ್ನೂ ಒಟ್ಟಿಗಿಟ್ಟು ನೋಡಲಿ. ಒಪ್ಪಿಗೆ ಕಳಿಸುವ ಮೊದಲು ಹಿಂದಿನ ಬ್ಯಾಚಿನವರಿಗೆ ಬರೆದು, ಓದು ಮುಗಿಸಿ ಯಾರ್‍ಯಾರು ಎಲ್ಲೆಲ್ಲಿ ಸೇರಿದರು ಎಂದು ಕೇಳಿ. ಮುಂಗಡ ಶುಲ್ಕ ಕಟ್ಟುವುದು ಅದಾದ ಮೇಲೆ.